ಕೃಷ್ಣಗಿರಿಯ ಬ್ಯಾಟರಿ ಸೆಲ್ ಫ್ಯಾಕ್ಟರಿ: ಗಡಿನಾಡ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸೂರು, ಡೆಂಕಣಿಕೋಟೆ, ತಳಿ, ಶೂಲಗಿರಿ ಕಡೆಯ ಕನ್ನಡ ಮನೆಗಳಲ್ಲಿ ಈ ಫ್ಯಾಕ್ಟರಿಯ ಮಾತು ಆಗಾಗ ಬರುತ್ತದೆ. ಮಗಳಿಗೆ ಕೆಲಸ ಸಿಗುತ್ತಾ ಅನ್ನುವವರಿದ್ದಾರೆ, ಬಾವಿ ನೀರು ಕೆಡುತ್ತಾ ಅನ್ನುವವರೂ ಇದ್ದಾರೆ. ಸುದ್ದಿ ಬರುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಬೆಂಗಳೂರಿನ ಕನ್ನಡ ಪತ್ರಿಕೆಗಳಿಗೆ ಅತ್ತಿಬೆಲೆ ದಾಟಿದ ಮೇಲೆ ಆಸಕ್ತಿ ಕಮ್ಮಿ. ಅದಕ್ಕೇ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ. ಈ ವಿಷಯದಲ್ಲಿ ಘೋಷಣೆ ಆಗಿರುವುದು ಜಾಸ್ತಿ, ನಡೆಯುತ್ತಿರುವುದು ಅದಕ್ಕಿಂತ ಕಮ್ಮಿ. ಎರಡನ್ನೂ ಬೇರೆ ಬೇರೆ ಮಾಡಿ ಹೇಳಲು ನೋಡಿದ್ದೇನೆ.

ಯಾವ ಫ್ಯಾಕ್ಟರಿ ಇದು? ಸರಿಯಾಗಿ ಎಲ್ಲಿದೆ?

ಓಲಾ ಎಲೆಕ್ಟ್ರಿಕ್ ಕಂಪನಿಯ ಲಿಥಿಯಂ ಸೆಲ್ ಫ್ಯಾಕ್ಟರಿ. ಕಂಪನಿ ಅದನ್ನು ಗಿಗಾಫ್ಯಾಕ್ಟರಿ ಎಂದು ಕರೆಯುತ್ತದೆ. ಕೃಷ್ಣಗಿರಿ ಜಿಲ್ಲೆಯ ಬರ್ಗೂರು, ಪೋಚಂಪಳ್ಳಿ ಭಾಗದಲ್ಲಿದೆ. ಹೊಸೂರಿನಿಂದ ಹೊರಟರೆ ಶೂಲಗಿರಿ, ಕೃಷ್ಣಗಿರಿ ಎರಡನ್ನೂ ದಾಟಿ ಹೋಗಬೇಕು. ಸೈಟ್ ಮಾರುವವರು "ಬ್ಯಾಟರಿ ಫ್ಯಾಕ್ಟರಿ ಇಲ್ಲೇ ಪಕ್ಕದಲ್ಲಿ" ಅಂದರೆ ಒಮ್ಮೆ ಮ್ಯಾಪ್ ತೆಗೆದು ನೋಡಿ.

ಈರೋಡ್ ಜಿಲ್ಲೆಯ ಬರಗೂರು ಬೆಟ್ಟದ ಜೊತೆ ಇದನ್ನು ಕಲಸಬೇಡಿ. ಅಲ್ಲೂ ಕನ್ನಡ ಮಾತಾಡುವವರಿದ್ದಾರೆ, ಬರಗೂರು ದನದ ತಳಿಯೂ ಅಲ್ಲಿಯದೇ, ಆದರೆ ಅದು ಬೇರೆ ಊರು. ಇದು ಜಯಲಲಿತಾ 1991ರಲ್ಲಿ ಗೆದ್ದು 1996ರಲ್ಲಿ ಸೋತ ಬರ್ಗೂರು.

ತಮಿಳುನಾಡು ಸರ್ಕಾರದ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡದ್ದು 2023ರ ಫೆಬ್ರವರಿಯಲ್ಲಿ. ಅದೇ ವರ್ಷ ಜೂನ್‌ನಲ್ಲಿ ಮೊದಲ ಕಂಬ ನಿಂತಿತು. 2024ರ ಮಾರ್ಚ್‌ನಲ್ಲಿ ಪ್ರಾಯೋಗಿಕ ಉತ್ಪಾದನೆ ಶುರುವಾಯಿತು. 2025ರ ಕೊನೆಯ ಹೊತ್ತಿಗೆ ಅಲ್ಲಿ ಮಾಡಿದ ಸೆಲ್ ಹಾಕಿದ ಸ್ಕೂಟರ್‌ಗಳು ಗ್ರಾಹಕರ ಕೈಗೆ ಬರತೊಡಗಿದವು.

ಹೆಂಗಸರೇ ಕೆಲಸ ಮಾಡುವ ಸ್ಕೂಟರ್ ಫ್ಯಾಕ್ಟರಿ ಅಂತಾರಲ್ಲ, ಅದೇನಾ?

ಅದಲ್ಲ. ಅದು ಅದೇ ಕಂಪನಿಯ ಪೋಚಂಪಳ್ಳಿಯ ಸ್ಕೂಟರ್ ಫ್ಯಾಕ್ಟರಿ. 10,000 ಹೆಂಗಸರಿಗೆ ಅಲ್ಲಿ ಕೆಲಸ ಕೊಡುತ್ತೇವೆ ಎಂದು 2021ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ್ದರು. ಸೆಲ್ ಫ್ಯಾಕ್ಟರಿ ಆಮೇಲೆ ಬಂದದ್ದು, ಅದರ ಕೆಲಸವೂ ಬೇರೆ ಥರದ್ದು.

ಹೊಸೂರಲ್ಲೇ ಅಥರ್ ಇದೆ, ಟಿವಿಎಸ್ ಇದೆ. ಅವರೂ ಬ್ಯಾಟರಿ ಮಾಡ್ತಾರಲ್ಲ? ಇದರಲ್ಲೇನು ಹೊಸದು?

ಇದೊಂದು ತಿಳಿದರೆ ಉಳಿದದ್ದೆಲ್ಲ ಸುಲಭ. ಸ್ಕೂಟರ್‌ನ ಬ್ಯಾಟರಿ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಸಾಲುಸಾಲಾಗಿ ಲೋಹದ ಕೊಳವೆಗಳಿರುತ್ತವೆ. ಒಂದೊಂದೂ ಒಂದು ಸೆಲ್. ಕರೆಂಟ್ ಕೂತಿರುವುದು ಅದರಲ್ಲಿ. ಆ ಸೆಲ್‌ಗಳನ್ನು ತಂತಿ, ಪಟ್ಟಿಗಳಿಂದ ಸೇರಿಸಿ, ಬಿಸಿ ಮತ್ತು ವೋಲ್ಟೇಜ್ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಬೋರ್ಡ್ ಇಟ್ಟು, ನೀರು ಹೋಗದ ಡಬ್ಬದಲ್ಲಿ ಮುಚ್ಚಿದರೆ ಅದು ಪ್ಯಾಕ್.

ನಮ್ಮ ದೇಶದಲ್ಲಿ ಪ್ಯಾಕ್ ಮಾಡುವವರು ಬಹಳ ಮಂದಿ. ಅಥರ್ 2021ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ಹೊಸೂರಿಗೆ ಬಂತು. ಪ್ಯಾಕನ್ನು ಇಲ್ಲಿ ತಾನೇ ಮಾಡುತ್ತದೆ, ಸೆಲ್ ಮಾತ್ರ ಹೊರಗಿಂದ ತರಿಸುತ್ತದೆ. ಇಂಡಿಯಾದ ಹೆಚ್ಚಿನ ಸ್ಕೂಟರ್ ಕಂಪನಿಗಳ ಕಥೆಯೂ ಇದೇ. ಸೆಲ್ ಬರುವುದು ಚೀನಾದಿಂದ ಅಥವಾ ಕೊರಿಯಾದಿಂದ. ಬ್ಯಾಟರಿಯ ಬೆಲೆಯಲ್ಲಿ ದೊಡ್ಡ ಪಾಲು ಸೆಲ್‌ನದೇ ಆದ್ದರಿಂದ, "ಮೇಡ್ ಇನ್ ಇಂಡಿಯಾ" ಬ್ಯಾಟರಿಯ ದುಡ್ಡು ಬಹುಪಾಲು ಹೊರಗೇ ಹೋಗುತ್ತದೆ. ಬರ್ಗೂರಿನಲ್ಲಿ ಹೊಸದೇನೆಂದರೆ ಆ ಸೆಲ್ಲನ್ನೇ ಇಲ್ಲಿ ಮಾಡುತ್ತಾರೆ. ಪುಡಿಯಿಂದ ಶುರುಮಾಡಿ ಸೆಲ್‌ವರೆಗೆ.

ಹೊಸೂರು ಪಕ್ಕದಲ್ಲಿ ಎಕ್ಸೈಡ್‌ನ ಫ್ಯಾಕ್ಟರಿ ಇದೆ. ಅದು ಸೀಸ ಮತ್ತು ಆಸಿಡ್ ಬ್ಯಾಟರಿಯದು, ಕಾರು, ಯುಪಿಎಸ್‌ಗೆ ಹಾಕುವಂಥದ್ದು. ಅದರ ರಸಾಯನವೇ ಬೇರೆ, ಅಪಾಯವೂ ಬೇರೆ. ಮುಂದೆ ಮಾಲಿನ್ಯದ ಪ್ರಶ್ನೆಯಲ್ಲಿ ಇದು ಮತ್ತೆ ಬರುತ್ತದೆ.

20 ಗಿಗಾವ್ಯಾಟ್-ಅವರ್ ಅಂತ ಪೇಪರ್‌ನಲ್ಲಿ ಬಂತು. ಅಂದ್ರೆ ಎಷ್ಟು ಸ್ಕೂಟರ್?

ಲೆಕ್ಕ ಕಷ್ಟವಿಲ್ಲ. ಮನೆಯ ಕರೆಂಟ್ ಬಿಲ್‌ನ ಒಂದು ಯುನಿಟ್ ಅಂದರೆ ಒಂದು ಕಿಲೋವ್ಯಾಟ್-ಅವರ್. ಹತ್ತು ಲಕ್ಷ ಯುನಿಟ್ ಸೇರಿದರೆ ಒಂದು ಗಿಗಾವ್ಯಾಟ್-ಅವರ್. ಒಂದು ಸ್ಕೂಟರ್‌ಗೆ 3 ಯುನಿಟ್ ಹಿಡಿಯುವ ಬ್ಯಾಟರಿ ಎಂದುಕೊಳ್ಳಿ. ಆಗ ಒಂದು ಗಿಗಾವ್ಯಾಟ್-ಅವರ್‌ನಲ್ಲಿ ಸುಮಾರು 3.3 ಲಕ್ಷ ಸ್ಕೂಟರ್ ಆಗುತ್ತವೆ. 40 ಯುನಿಟ್ ಬ್ಯಾಟರಿಯ ಕಾರಾದರೆ 25,000. ಹಾಗೆ ನೋಡಿದರೆ 20 ಅಂದರೆ ವರ್ಷಕ್ಕೆ 66 ಲಕ್ಷ ಸ್ಕೂಟರ್.

ಅಷ್ಟು ಸ್ಕೂಟರ್ ಯಾರು ಕೊಳ್ಳುತ್ತಾರೆ ಎಂದು ನಿಮಗೆ ಅನಿಸಿದರೆ ಅದು ಸರಿಯಾದ ಅನುಮಾನವೇ. 20 ಎನ್ನುವುದು ಮಾತು ಕೊಟ್ಟ ಸಂಖ್ಯೆ. 2024ರ ಆಗಸ್ಟ್‌ನಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂದಾಗ ತನ್ನ ದಾಖಲೆಯಲ್ಲಿ ಹೇಳಿಕೊಂಡದ್ದು ಬೇರೆ: ಮೊದಲು 1.4, ಆಮೇಲೆ 5, ಆಮೇಲೆ 6.4 ಗಿಗಾವ್ಯಾಟ್-ಅವರ್. ಷೇರು ಕೊಳ್ಳುವವರಿಗೆ ಕೊಡುವ ದಾಖಲೆಯಲ್ಲಿ ಸುಳ್ಳು ಬರೆದರೆ ಕಾನೂನು ಹಿಡಿಯುತ್ತದೆ. ವೇದಿಕೆ ಮೇಲಿನ ಮಾತಿಗೆ ಆ ಭಯವಿಲ್ಲ. ನಾನಂತೂ ಯಾವಾಗಲೂ ಆ ದಾಖಲೆಯನ್ನೇ ನೋಡುತ್ತೇನೆ.

2023ರ ಒಪ್ಪಂದದಲ್ಲಿ ಎಲೆಕ್ಟ್ರಿಕ್ ಕಾರಿನ ಮಾತೂ ಇತ್ತು. ಕಂಪನಿ ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ದ್ವಿಚಕ್ರ ವಾಹನದ ಕಡೆಗೇ ಗಮನ ಕೊಟ್ಟಿದೆ.

ಸರ್ಕಾರ ಇದಕ್ಕೆ ದುಡ್ಡು ಕೊಡ್ತಿದೆಯಾ?

ಸುಮ್ನೆ ಕೊಡುವುದಿಲ್ಲ. ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ಬ್ಯಾಟರಿ ಸೆಲ್‌ಗಾಗಿ ಉತ್ಪಾದನೆ ಆಧಾರಿತ ಪ್ರೋತ್ಸಾಹ ಯೋಜನೆ ತಂದಿತು. ಒಟ್ಟು 18,100 ಕೋಟಿ ರೂಪಾಯಿ, 50 ಗಿಗಾವ್ಯಾಟ್-ಅವರ್ ಗುರಿ. 2022ರಲ್ಲಿ ಹರಾಜಿನಂತೆ ನಡೆದ ಆಯ್ಕೆಯಲ್ಲಿ ಓಲಾಗೆ 20, ರಿಲಯನ್ಸ್‌ಗೆ 5, ರಾಜೇಶ್ ಎಕ್ಸ್‌ಪೋರ್ಟ್ಸ್‌ಗೆ 5 ಸಿಕ್ಕಿತು. ಸೆಲ್ ಮಾಡಿ ಮಾರಿದ ಮೇಲೆ ದುಡ್ಡು, ಯುನಿಟ್‌ಗೆ ಹೆಚ್ಚೆಂದರೆ 2,000 ರೂಪಾಯಿ. ಎರಡು ವರ್ಷದೊಳಗೆ ಒಂದು ಮಟ್ಟ ಮುಟ್ಟಬೇಕು, ಐದು ವರ್ಷದೊಳಗೆ ಮೌಲ್ಯದ 60% ದೇಶದೊಳಗೇ ಆಗಬೇಕು. ತಡವಾದರೆ ದಂಡ. ಮೊದಲ ಗಡುವು ತಪ್ಪಿದ್ದಕ್ಕೆ ಪತ್ರ ಬಂದಿದೆ ಎಂದು ಓಲಾ 2025ರ ಮಾರ್ಚ್‌ನಲ್ಲಿ ತಾನೇ ಷೇರು ಮಾರುಕಟ್ಟೆಗೆ ತಿಳಿಸಿತು.

ಒಳಗೆ ನಿಜವಾಗಿ ಏನು ಮಾಡ್ತಾರೆ?

ಕಾರ್ಖಾನೆಯ ಒಂದು ತುದಿಯಲ್ಲಿ ಪುಡಿ ಬರುತ್ತದೆ. ಪಾಸಿಟಿವ್ ಕಡೆಗೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್, ಲಿಥಿಯಂ ಸೇರಿದ ಕಪ್ಪು ಪುಡಿ. ನೆಗೆಟಿವ್ ಕಡೆಗೆ ಗ್ರಾಫೈಟ್. ಇವಕ್ಕೆ ಅಂಟು ಮತ್ತು ದ್ರಾವಕ ಹಾಕಿ ಗಂಟಿಲ್ಲದ ಹಾಗೆ ರುಬ್ಬುತ್ತಾರೆ. ದೋಸೆ ಹಿಟ್ಟಿನ ಹದ ಎನ್ನಬಹುದು, ಆದರೆ ಇಲ್ಲಿ ಹದ ತಪ್ಪಿದರೆ ಲಕ್ಷಗಟ್ಟಲೆ ಸೆಲ್ ಕಸಕ್ಕೆ.

ಆ ಹಿಟ್ಟನ್ನು ಲೋಹದ ಹಾಳೆಯ ಮೇಲೆ ತೆಳ್ಳಗೆ ಬಳಿಯುತ್ತಾರೆ. ಪಾಸಿಟಿವ್‌ಗೆ ಅಲ್ಯೂಮಿನಿಯಂ, ನೆಗೆಟಿವ್‌ಗೆ ತಾಮ್ರ. ತಾಮ್ರದ ಹಾಳೆಯ ದಪ್ಪ 10 ಮೈಕ್ರಾನ್‌ಗೂ ಕಮ್ಮಿ ಇರಬಹುದು, ನಮ್ಮ ಕೂದಲಿಗಿಂತ ಎಷ್ಟೋ ಪಾಲು ತೆಳು. ಬಳಿದ ಹಾಳೆ ಉದ್ದನೆಯ ಒಲೆಯೊಳಗೆ ಹಾದು ಒಣಗುತ್ತದೆ. ಆಮೇಲೆ ಭಾರೀ ಉರುಳೆಗಳ ನಡುವೆ ಒತ್ತುತ್ತಾರೆ, ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ಎರಡು ಪಟ್ಟಿಗಳ ನಡುವೆ ತೂತುತೂತಿನ ಪ್ಲಾಸ್ಟಿಕ್ ಪರದೆ ಇಟ್ಟು ಸುರುಳಿ ಸುತ್ತಿ ಡಬ್ಬಕ್ಕೆ ಇಳಿಸುತ್ತಾರೆ. ಈ ಪರದೆ ಹರಿದರೆ ಎರಡೂ ಕಡೆ ತಾಗಿ ಶಾರ್ಟ್ ಆಗುತ್ತದೆ. ಬೆಂಕಿಯ ಎಷ್ಟೋ ಪ್ರಕರಣಗಳ ಮೂಲ ಅಲ್ಲಿದೆ. ಕಣ್ಣಿಗೆ ಕಾಣದ ಒಂದು ಲೋಹದ ಚೂರು ಒಳಗೆ ಸೇರಿದರೂ ಸಾಕು.

ಆಮೇಲೆ ಎಲೆಕ್ಟ್ರೊಲೈಟ್, ಅಂದರೆ ಎರಡೂ ಕಡೆಯ ನಡುವೆ ಲಿಥಿಯಂ ಓಡಾಡಲು ಬೇಕಾದ ದ್ರವ, ತುಂಬುವುದು. ಇಲ್ಲಿ ತೇವವೇ ದೊಡ್ಡ ಶತ್ರು. ಎಲೆಕ್ಟ್ರೊಲೈಟ್‌ನ ಲಿಥಿಯಂ ಉಪ್ಪು ನೀರು ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷ ಹುಟ್ಟಿಸುತ್ತದೆ, ಸೆಲ್ ಹಾಳಾಗುತ್ತದೆ. ಹಾಗಾಗಿ ಈ ಕೋಣೆಗಳ ಗಾಳಿಯನ್ನು ಮರುಭೂಮಿಗಿಂತ ಒಣಗಿಸಿ ಇಡುತ್ತಾರೆ. ಮೈನಸ್ 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೂ ಇಬ್ಬನಿ ಕಟ್ಟದಷ್ಟು ಒಣ ಗಾಳಿ. ಮನುಷ್ಯನ ಉಸಿರು, ಬೆವರು ಕೂಡ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಒಂದು ಕೋಣೆಯಲ್ಲಿ ಇಷ್ಟೇ ಜನ ಇರಬೇಕು ಎಂಬ ಮಿತಿ ಇಡುವುದು ಅದಕ್ಕೇ. ಅಲ್ಲಿ ಕೆಲಸ ಮಾಡುವವರಿಗೆ ಕಣ್ಣು, ತುಟಿ, ಚರ್ಮ ಒಣಗುವ ತೊಂದರೆ ಸಾಮಾನ್ಯ.

ಸೆಲ್ ಮುಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮೊದಲ ಬಾರಿ ಬಹಳ ನಿಧಾನವಾಗಿ ಚಾರ್ಜ್ ಮಾಡುತ್ತಾರೆ. ಆಗ ಗ್ರಾಫೈಟ್ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಸೆಲ್ ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಬಹುಮಟ್ಟಿಗೆ ಆ ಪೊರೆಯ ಮೇಲೆ ನಿಂತಿದೆ. ಆಮೇಲೆ ಸೆಲ್‌ಗಳನ್ನು ವಾರಗಟ್ಟಲೆ ರ‍್ಯಾಕ್‌ನಲ್ಲಿ ಇಟ್ಟು ವೋಲ್ಟೇಜ್ ಇಳಿಯುತ್ತದಾ ಎಂದು ಕಾಯುತ್ತಾರೆ. ಇಳಿದದ್ದನ್ನು ಎತ್ತಿ ಬಿಸಾಡುತ್ತಾರೆ.

ಹೊಸ ಫ್ಯಾಕ್ಟರಿಗಳಲ್ಲಿ ಶುರುವಿನಲ್ಲಿ ಹೀಗೆ ಕಸಕ್ಕೆ ಹೋಗುವುದು ತುಂಬಾ. ಯುರೋಪಿನ ದೊಡ್ಡ ಆಸೆಯಾಗಿದ್ದ ಸ್ವೀಡನ್ನಿನ ನಾರ್ತ್‌ವೋಲ್ಟ್ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕಟ್ಟಡವಿತ್ತು, ಯಂತ್ರಗಳಿದ್ದವು, ಆರ್ಡರ್ ಕೂಡ ಇತ್ತು. ಸಾಕಷ್ಟು ಒಳ್ಳೆಯ ಸೆಲ್ ಸಮಯಕ್ಕೆ ಹೊರಬರಲಿಲ್ಲ. ನಮ್ಮಲ್ಲಿ ತಡವಾದಾಗ "ತಮಿಳುನಾಡು ಸರಿಯಿಲ್ಲ", "ಕಂಪನಿ ಮೋಸ" ಎಂದು ತೀರ್ಪು ಕೊಡುವವರಿಗೆ ಇದನ್ನು ಹೇಳಬೇಕು. ಈ ಕೆಲಸವೇ ಕಷ್ಟದ್ದು.

4680 ಅಂದ್ರೇನು?

ಬರ್ಗೂರಿನಲ್ಲಿ ಮಾಡುವ ಸೆಲ್‌ನ ಅಳತೆ. 46 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಎತ್ತರ. ಹಳೆಯ 2170 ಸೆಲ್‌ಗಿಂತ (21 ಮಿಲಿಮೀಟರ್ ಅಗಲ, 70 ಎತ್ತರ) ಐದು ಪಟ್ಟಿಗೂ ಜಾಸ್ತಿ ಹಿಡಿಯುತ್ತದೆ. ಪ್ಯಾಕ್‌ನಲ್ಲಿ ಸೆಲ್‌ಗಳ ಸಂಖ್ಯೆ ಕಮ್ಮಿ, ಬೆಸುಗೆ ಕಮ್ಮಿ. ಮಾಡುವುದು ಮಾತ್ರ ಹೆಚ್ಚು ಕಷ್ಟ.

ಎಲ್‌ಎಫ್‌ಪಿ ಒಳ್ಳೆಯದಾ, ಎನ್‌ಎಂಸಿ ಒಳ್ಳೆಯದಾ?

ಎನ್‌ಎಂಸಿ ಅಂದರೆ ಮೇಲೆ ಹೇಳಿದ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೆಲ್. ಬರ್ಗೂರಿನ ಸೆಲ್ ಈ ಜಾತಿಯದು. ಕಮ್ಮಿ ತೂಕದಲ್ಲಿ ಜಾಸ್ತಿ ದೂರ ಹೋಗುತ್ತದೆ. ಎಲ್‌ಎಫ್‌ಪಿಯಲ್ಲಿ ಕಬ್ಬಿಣ ಮತ್ತು ಫಾಸ್ಫೇಟ್. ಬೆಲೆ ಕಮ್ಮಿ, ಬಾಳಿಕೆ ಜಾಸ್ತಿ, ಬಿಸಿಗೆ ಬೇಗ ಹದ ತಪ್ಪುವುದಿಲ್ಲ, ಆದರೆ ತೂಕ ಮತ್ತು ಜಾಗ ಹೆಚ್ಚು ಬೇಕು. ಕೃಷ್ಣಗಿರಿಯ ಏಪ್ರಿಲ್ ಬಿಸಿಲಲ್ಲಿ ದಿನವೂ ಓಡಾಡುವವರಿಗೆ, ಒಂದು ಚಾರ್ಜ್‌ಗೆ 80 ಕಿಲೋಮೀಟರ್ ಸಾಕು ಎನ್ನುವವರಿಗೆ, ನಾನು ಎಲ್‌ಎಫ್‌ಪಿಯನ್ನೇ ಹೇಳುತ್ತೇನೆ. ಅಥರ್ ಕೂಡ ಅಮರ ರಾಜ ಕಂಪನಿ ಜೊತೆ ಎರಡೂ ಜಾತಿಯ ಸೆಲ್‌ಗೆ ಒಪ್ಪಂದ ಮಾಡಿಕೊಂಡಿದೆ. ಅಮರ ರಾಜದ ಫ್ಯಾಕ್ಟರಿ ತೆಲಂಗಾಣದ ಮಹಬೂಬ್‌ನಗರ ಪಕ್ಕದ ದಿವಿಟಿಪಲ್ಲಿಯಲ್ಲಿ ಬರುತ್ತಿದೆ.

ಸ್ಫೋಟ ಆಗುತ್ತಾ? ಅಕ್ಕಪಕ್ಕದ ಹಳ್ಳಿಗಳಿಗೆ ಅಪಾಯ ಇದೆಯಾ?

ಈ ಭಯ ಎಲ್ಲಿಂದ ಬಂತು ಎಂದು ನಮಗೆಲ್ಲ ಗೊತ್ತು. 2023ರಲ್ಲಿ ಜುಲೈನಲ್ಲಿ ಕೃಷ್ಣಗಿರಿಯ ಪಟಾಕಿ ಗೋಡೌನ್ ಸಿಡಿಯಿತು, ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಅಂಗಡಿ ಸುಟ್ಟಿತು. ಅದಕ್ಕೂ ಮುಂಚೆ, 2022ರ ಮಾರ್ಚ್‌ನಲ್ಲಿ, ವೆಲ್ಲೂರಿನಲ್ಲಿ ಚಾರ್ಜ್‌ಗೆ ಹಾಕಿದ್ದ ಎಲೆಕ್ಟ್ರಿಕ್ ಸ್ಕೂಟರ್‌ಗೆ ರಾತ್ರಿ ಬೆಂಕಿ ಹತ್ತಿ ತಂದೆ, ಮಗಳು ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು.

ಸೆಲ್ ಫ್ಯಾಕ್ಟರಿ ಪಟಾಕಿ ಗೋಡೌನ್‌ನಂತೆ ಒಮ್ಮೆಲೇ ಊರನ್ನು ಹಾರಿಸುವುದಿಲ್ಲ. ಆದರೆ ಅಪಾಯ ಇಲ್ಲ ಎಂದರೆ ಸುಳ್ಳು. ಒಂದು ಸೆಲ್ ಬಿಸಿಯಾಗಿ ಹದ ತಪ್ಪಿದರೆ ತನ್ನಷ್ಟಕ್ಕೇ ಇನ್ನೂ ಬಿಸಿಯಾಗುತ್ತಾ ಹೋಗುತ್ತದೆ, ಪಕ್ಕದ ಸೆಲ್ಲನ್ನೂ ಹತ್ತಿಸುತ್ತದೆ. ಒಳಗಿಂದಲೇ ಉರಿಯುವುದರಿಂದ ಬೆಂಕಿ ಆರಿಸುವ ಸಾಮಾನ್ಯ ಪುಡಿ ಸಿಲಿಂಡರ್‌ನಿಂದ ಜ್ವಾಲೆ ಅಡಗಿದರೂ ಶಾಖ ಅಡಗುವುದಿಲ್ಲ, ಮತ್ತೆ ಹತ್ತುತ್ತದೆ. ತುಂಬಾ ನೀರು ಸುರಿದು ತಣ್ಣಗೆ ಮಾಡಬೇಕು. ಹೊಗೆಯಲ್ಲಿ ವಿಷಾನಿಲ ಇರುತ್ತದೆ. ದಕ್ಷಿಣ ಕೊರಿಯಾದ ಹ್ವಾಸೊಂಗ್‌ನಲ್ಲಿ 2024ರ ಜೂನ್ 24ರಂದು ಲಿಥಿಯಂ ಬ್ಯಾಟರಿ ಫ್ಯಾಕ್ಟರಿಗೆ ಬೆಂಕಿ ಬಿದ್ದು 23 ಕೆಲಸಗಾರರು ಸತ್ತರು. ಅದು ರೀಚಾರ್ಜ್ ಆಗದ ಬೇರೆ ಜಾತಿಯ ಬ್ಯಾಟರಿ ನಿಜ. ಆದರೆ ಸತ್ತವರಲ್ಲಿ ಹೆಚ್ಚಿನವರು ಬೇರೆ ದೇಶದಿಂದ ಬಂದ ತಾತ್ಕಾಲಿಕ ಕೆಲಸಗಾರರು. ನಮ್ಮ ಕಡೆಯ ಹುಡುಗ ಹುಡುಗಿಯರು ಕಾಂಟ್ರಾಕ್ಟ್ ಮೇಲೆ ಸೇರುವುದರಿಂದ ಅದನ್ನು ಮರೆಯುವ ಹಾಗಿಲ್ಲ. ಸೇರಿದ ಮೊದಲ ದಿನವೇ ಹೊರಗೆ ಹೋಗುವ ಬಾಗಿಲು ಎರಡು ಎಲ್ಲಿವೆ ಎಂದು ನೋಡಿಟ್ಟುಕೊಳ್ಳಿ, ಸುರಕ್ಷತೆ ಹೇಳಿಕೊಡುವವರ ಭಾಷೆ ಅರ್ಥವಾಗದಿದ್ದರೆ ಮತ್ತೆ ಕೇಳಿ. ನಾಚಿಕೆ ಬೇಡ.

2022ರ ಬೆಂಕಿಗಳ ನಂತರ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿ, ಆ ವರ್ಷದ ಡಿಸೆಂಬರ್‌ನಿಂದ ಹಂತ ಹಂತವಾಗಿ ಜಾರಿಗೆ ತಂದಿತು. ಮನೆಯಲ್ಲಿ ಮಾತ್ರ ಇಷ್ಟು ಮಾಡಿ: ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ, ಬಾಗಿಲ ದಾರಿಯಲ್ಲಿ ಚಾರ್ಜ್‌ಗೆ ಹಾಕಬೇಡಿ.

ನೀರು ಕೆಡುತ್ತಾ?

ಹೊಸೂರು ಬಳಿಯ ಕೆಲವರಪಳ್ಳಿ ಅಣೆಕಟ್ಟಿನ ನೊರೆ ನೋಡಿದವರು ಈ ಪ್ರಶ್ನೆ ಕೇಳದೆ ಇರುವುದಿಲ್ಲ. ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಯಲ್ಲಿ ಇಳಿದು ಬಂದು ನಮ್ಮ ಹೊಲಕ್ಕೆ ನೊರೆ ತರುತ್ತದೆ. ಮೇಲಿನಿಂದಲೇ ಇಷ್ಟು ಬರುವಾಗ ಕೆಳಗೆ ಇನ್ನೊಂದು ಬೇಕಾ ಎನ್ನುವುದು ಜನರ ಮಾತು. ನ್ಯಾಯವಾದ ಮಾತೇ.

ಮೊದಲು ಒಂದು ಗೊಂದಲ ಬಿಡಿಸಬೇಕು. ಸೀಸದ ಬ್ಯಾಟರಿ ಮಾಲಿನ್ಯ ಅಂದರೆ ರಕ್ತದಲ್ಲಿ ಸೀಸ, ಮಕ್ಕಳ ಮೆದುಳಿಗೆ ಪೆಟ್ಟು. ಲಿಥಿಯಂ ಸೆಲ್ ಫ್ಯಾಕ್ಟರಿಯಲ್ಲಿ ಸೀಸ ಇಲ್ಲ. ಇಲ್ಲಿ ನೋಡಬೇಕಾದ್ದು ಬೇರೆ. ಪಾಸಿಟಿವ್ ಹಿಟ್ಟಿಗೆ ಹಾಕುವ ಎನ್‌ಎಂಪಿ ಎಂಬ ದ್ರಾವಕ ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟದ್ದು. ಒಣಗಿಸುವಾಗ ಆವಿಯಾಗುವುದನ್ನು ಹಿಡಿದು ಮತ್ತೆ ಬಳಸುವ ವ್ಯವಸ್ಥೆ ಇರುತ್ತದೆ. ದುಬಾರಿ ದ್ರಾವಕವಾದ್ದರಿಂದ ಹಿಡಿಯುವುದರಲ್ಲಿ ಕಂಪನಿಗೂ ಲಾಭವಿದೆ. ತೊಳೆದ ನೀರಿನಲ್ಲಿ ನಿಕಲ್, ಕೋಬಾಲ್ಟ್, ಫ್ಲೋರೈಡ್ ಇರಬಹುದು. ಈ ಫ್ಲೋರೈಡ್ ನನಗೆ ಮುಖ್ಯ ಅನಿಸುತ್ತದೆ. ಧರ್ಮಪುರಿ, ಕೃಷ್ಣಗಿರಿಯ ಅಂತರ್ಜಲದಲ್ಲಿ ಅದು ಮೊದಲೇ ಜಾಸ್ತಿ. ಹಳೆಯ ತಲೆಮಾರಿನವರ ಹಲ್ಲಿನ ಕಲೆ ನೋಡಿದರೇ ಗೊತ್ತಾಗುತ್ತದೆ. ಹೊಗೇನಕಲ್‌ನಿಂದ ಕಾವೇರಿ ನೀರು ತರುವ ಯೋಜನೆ ಬಂದದ್ದೇ ಅದಕ್ಕೆ.

ಇಂಥ ಫ್ಯಾಕ್ಟರಿಗಳು ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟಲು ಒಮ್ಮೆ, ನಡೆಸಲು ಇನ್ನೊಮ್ಮೆ ಒಪ್ಪಿಗೆ ಪಡೆಯಬೇಕು. ಎಷ್ಟು ನೀರು ಬಳಸಬಹುದು, ಎಷ್ಟು ಹೊರಬಿಡಬಹುದು ಎಂಬುದು ಆ ಒಪ್ಪಿಗೆ ಪತ್ರದಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಅದನ್ನು ಕೇಳಬಹುದು. ಅರ್ಜಿಯನ್ನು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ. ಗಾಳಿಮಾತಿಗಿಂತ ಆ ಒಂದು ಕಾಗದ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ಮಾತಿಗೆ ತೂಕ ಬರುತ್ತದೆ. ಪಕ್ಕದ ಊರಿನವರು ಈಗಲೇ ಬಾವಿ ನೀರನ್ನು ಲ್ಯಾಬ್‌ಗೆ ಕೊಟ್ಟು ವರದಿ ಇಟ್ಟುಕೊಳ್ಳುವುದೂ ಒಳ್ಳೆಯದು. ನಾಳೆ ಕೆಟ್ಟರೆ, ಮೊದಲು ಹೇಗಿತ್ತು ಎಂದು ತೋರಿಸಲು ಬೇರೆ ದಾರಿ ಇರುವುದಿಲ್ಲ.

ನಮ್ಮ ಕರೆಂಟ್ ಎಲ್ಲಾ ಅದೇ ಎಳೆದುಕೊಳ್ಳುತ್ತಾ?

ಸೆಲ್ ಮಾಡಲು ಕರೆಂಟ್ ಜಾಸ್ತಿಯೇ ಬೇಕು. ಒಂದು ಯುನಿಟ್ ಹಿಡಿಯುವ ಸೆಲ್‌ಗಳನ್ನು ಮಾಡಲು ಸುಮಾರು 30ರಿಂದ 50 ಯುನಿಟ್ ಖರ್ಚಾಗುತ್ತದೆ. ಒಣ ಕೋಣೆ ಮತ್ತು ಒಣಗಿಸುವ ಒಲೆ ತಿನ್ನುವುದೇ ಹೆಚ್ಚು. ಆದರೆ ದೊಡ್ಡ ಫ್ಯಾಕ್ಟರಿಗಳಿಗೆ ಹೈ ಟೆನ್ಷನ್ ಲೈನ್ ಬೇರೆ. ನಿಮ್ಮ ಪಂಪ್‌ಸೆಟ್ ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ಊರಿನ ಟ್ರಾನ್ಸ್‌ಫಾರ್ಮರ್.

ಜಮೀನು ಮಾರಬಹುದಾ? ಸಿಪ್ಕಾಟ್ ತೆಗೆದುಕೊಳ್ಳುತ್ತಾ?

ತಮಿಳುನಾಡಿನಲ್ಲಿ ಕೈಗಾರಿಕೆಗೆ ಜಮೀನು ತೆಗೆದುಕೊಳ್ಳಲು 1997ರ ಪ್ರತ್ಯೇಕ ಕಾಯ್ದೆ ಇದೆ. ಕೈಗಾರಿಕಾ ಪ್ರದೇಶ ಮಾಡುವ ತಮಿಳುನಾಡು ಸರ್ಕಾರದ ನಿಗಮವಾದ ಸಿಪ್ಕಾಟ್ ಅದರಡಿ ಹೋಗುತ್ತದೆ. ಶೂಲಗಿರಿ ತಾಲೂಕಿನ ಉದ್ದನಪಲ್ಲಿ, ನಾಗಮಂಗಲಂ, ಅಯರ್ನಪಲ್ಲಿ ಕಡೆಯ ರೈತರು ಹೊಸ ಸಿಪ್ಕಾಟ್ ವಿರುದ್ಧ ಧರಣಿ ಕೂತದ್ದು ನಿಮಗೆ ನೆನಪಿರಬಹುದು. ರಾಗಿ, ಹೂವು, ತರಕಾರಿ ಬೆಳೆಯುವ ಭೂಮಿ ಅದು.

ಬ್ರೋಕರ್ ಬಂದು "ಬ್ಯಾಟರಿ ಕಾರಿಡಾರ್" ಎಂದರೆ ಮೂರು ಪ್ರಶ್ನೆ ಕೇಳಿ. ಸರ್ಕಾರಿ ಗೆಜೆಟ್‌ನಲ್ಲಿ ಸರ್ವೇ ನಂಬರ್ ಬಂದಿದೆಯಾ? ಕೊಳ್ಳುವವರು ಯಾರು? ಪೂರ್ತಿ ಹಣ ಯಾವಾಗ? ತೋತಾಪುರಿ ಮಾವಿಗೆ ಬೆಲೆ ಬಿದ್ದ ವರ್ಷ ಮಾರುವ ಮನಸ್ಸಾಗುವುದು ಸಹಜ. ಬೆಲೆ ಬಿದ್ದ ವರ್ಷವೇ ಬ್ರೋಕರ್‌ಗಳು ಜಾಸ್ತಿ ಬರುವುದೂ ಸಹಜ.

ಕೆಲಸ ಸಿಗುತ್ತಾ? ಕನ್ನಡ ಮೀಡಿಯಂನಲ್ಲಿ ಓದಿದವರಿಗೂ?

ಒಪ್ಪಂದದ ದಿನ ಹೇಳಿದ ಹೂಡಿಕೆ 7,614 ಕೋಟಿ ರೂಪಾಯಿ, ಕೆಲಸ 3,111. ಭಾಗಿಸಿ ನೋಡಿ. ಒಂದು ಕೆಲಸಕ್ಕೆ ಸುಮಾರು 2.45 ಕೋಟಿ. ಅದರಲ್ಲೂ ಕಾರಿನ ಯೋಜನೆ ಸೇರಿತ್ತು. ಸೆಲ್ ಫ್ಯಾಕ್ಟರಿ ಯಂತ್ರಗಳ ಫ್ಯಾಕ್ಟರಿ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದಾಗ ಹೊಸೂರಿನ ಪ್ರತಿ ಬೀದಿಯಿಂದ ಒಬ್ಬರು ಸೇರಿದರಲ್ಲ, ಅಂಥದ್ದನ್ನು ಇಲ್ಲಿ ನಿರೀಕ್ಷಿಸಬೇಡಿ. ಜೊತೆಗೆ 2025ರಲ್ಲಿ ಓಲಾ ಸ್ಕೂಟರ್ ಮಾರಾಟ ಕುಸಿಯಿತು, ಟಿವಿಎಸ್, ಬಜಾಜ್ ಮುಂದೆ ಹೋದವು. ಮಾರಾಟ ಇಳಿದರೆ ಮೊದಲು ಹೋಗುವುದು ಕಾಂಟ್ರಾಕ್ಟ್ ಕೆಲಸ.

ಆದರೂ ದಾರಿ ಇದೆ. ಐಟಿಐ ಆದವರಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಟ್ರೇಡ್‌ಗಳು ಇಂಥ ಕಡೆ ಉಪಯೋಗಕ್ಕೆ ಬರುತ್ತವೆ. ಡಿಪ್ಲೊಮಾದಲ್ಲಿ ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಕೆಮಿಕಲ್. ಮನೆಯವರು ಹೆಚ್ಚಾಗಿ ಮರೆಯುವುದು ಬಿಎಸ್ಸಿ ಕೆಮಿಸ್ಟ್ರಿ. ಹಿಟ್ಟಿನ ಹದ ನೋಡುವುದು, ತೇವ ಅಳೆಯುವುದು, ಹಾಳೆಯ ದಪ್ಪ ಪರೀಕ್ಷಿಸುವುದು, ಇವೆಲ್ಲ ಲ್ಯಾಬ್ ಕೆಲಸಗಳು, ಮತ್ತು ಈ ಕೆಲಸ ಕಲಿತವರು ನಾಳೆ ದೇವನಹಳ್ಳಿಯಲ್ಲೋ ಮಹಬೂಬ್‌ನಗರದಲ್ಲೋ ಎಲ್ಲಿ ಬೇಕಾದರೂ ಸೇರಬಹುದು. ನನ್ನನ್ನು ಕೇಳಿದರೆ ಈ ಒಂದು ಕಂಪನಿಯನ್ನು ನೆಚ್ಚಿಕೊಂಡು ಓದಬೇಡಿ, ಸೆಲ್ ಮಾಡುವ ಕಸುಬನ್ನು ನೋಡಿ ಓದಿ.

ಭಾಷೆಯ ವಿಷಯ. ಖಾಸಗಿ ಫ್ಯಾಕ್ಟರಿಗೆ ಸೇರಲು ಸರ್ಕಾರಿ ತಮಿಳು ಪರೀಕ್ಷೆ ಬೇಕಿಲ್ಲ. ಆದರೆ ಶಾಪ್ ಫ್ಲೋರ್‌ನಲ್ಲಿ ಮಾತೆಲ್ಲ ತಮಿಳು, ಯಂತ್ರದ ಪರದೆ ಇಂಗ್ಲಿಷ್. ನಮ್ಮ ಗಡಿ ಮಕ್ಕಳಿಗೆ ಕನ್ನಡ, ತಮಿಳು, ತೆಲುಗು ಮೂರೂ ಬಾಯಲ್ಲಿರುತ್ತದೆ. ಬೆಂಗಳೂರಿನಿಂದ ಬರುವ ಎಂಜಿನಿಯರ್‌ಗೂ ಬರ್ಗೂರಿನ ಆಪರೇಟರ್‌ಗೂ ನಡುವೆ ನಿಂತು ಮಾತಾಡಬಲ್ಲವರಿಗೆ ಬೇಗ ಸೂಪರ್‌ವೈಸರ್ ಕೆಲಸ ಬರುತ್ತದೆ. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವಷ್ಟು ಕಲಿಯಿರಿ, ಸಾಕು.

ಕೆಲಸ ಕೊಡಿಸುತ್ತೇನೆ ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಪ್ರೆಂಟಿಸ್ ಆಗಲು ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಉಚಿತ.

ನಾವು ಆನೇಕಲ್ ಕಡೆಯವರು. ನಮಗೂ ಸಿಗುತ್ತಾ?

ಸಿಗಬಹುದು. ಖಾಸಗಿ ಕೆಲಸ ಸ್ಥಳೀಯರಿಗೇ ಎಂಬ ಕಾಯ್ದೆ ತಮಿಳುನಾಡಿನಲ್ಲಿ ಜಾರಿಯಲ್ಲಿಲ್ಲ. ಕರ್ನಾಟಕ 2024ರ ಜುಲೈನಲ್ಲಿ ಅಂಥ ಮಸೂದೆ ತರಲು ಹೋಗಿ ಗಲಾಟೆಯಾದ ಮೇಲೆ ತಡೆಹಿಡಿಯಿತು. ಆದರೆ ಆನೇಕಲ್‌ನಿಂದ ದಿನಾ ಬರ್ಗೂರಿಗೆ ಓಡಾಡುವುದು ಆಗದ ಮಾತು.

ಬೆಂಗಳೂರಿನ ಕಂಪನಿ. ಕರ್ನಾಟಕ ಬಿಟ್ಟು ಇಲ್ಲಿಗೆ ಯಾಕೆ ಬಂತು?

ಇದನ್ನು ಕೇಳುವಾಗ ನಮ್ಮ ಜನಕ್ಕೆ ಸ್ವಲ್ಪ ಖುಷಿ, ಸ್ವಲ್ಪ ನೋವು ಎರಡೂ ಇರುತ್ತದೆ. ಎಲೆಕ್ಟ್ರಿಕ್ ವಾಹನಕ್ಕೆ ದೇಶದಲ್ಲಿ ಮೊದಲು ನೀತಿ ತಂದದ್ದು ಕರ್ನಾಟಕವೇ, 2017ರಲ್ಲಿ. ಆದರೆ ಬಿಡಿಭಾಗ ಮಾಡುವವರು ಹೊಸೂರು ಸುತ್ತ ದಶಕಗಳಿಂದ ಇದ್ದಾರೆ, ಚೆನ್ನೈ ಬಂದರಿಗೆ ನೇರ ಹೆದ್ದಾರಿ ಇದೆ, ಸಿಪ್ಕಾಟ್ ಜಾಗ ಒಟ್ಟಿಗೆ ಕೊಟ್ಟಿತು. ಸಂಶೋಧನೆ ಬೆಂಗಳೂರಿನಲ್ಲಿ, ಫ್ಯಾಕ್ಟರಿ ಕೃಷ್ಣಗಿರಿಯಲ್ಲಿ. ಕರ್ನಾಟಕಕ್ಕೆ ಏನೂ ಬರಲಿಲ್ಲ ಎಂದಲ್ಲ. ಎಕ್ಸೈಡ್‌ನವರ ಲಿಥಿಯಂ ಸೆಲ್ ಫ್ಯಾಕ್ಟರಿ ದೇವನಹಳ್ಳಿ ಬಳಿ ಎದ್ದಿದೆ, 12 ಗಿಗಾವ್ಯಾಟ್-ಅವರ್ ಗುರಿ, ಎರಡು ಹಂತದಲ್ಲಿ.

ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆಯಲ್ಲ, ಅದು ಇಲ್ಲಿಗೆ ಬರುತ್ತಾ?

ಮಂಡ್ಯದ ಮರ್ಲಗಲ್ಲ, ಅಲ್ಲಾಪಟ್ಟಣ ಕಡೆ ಸರ್ಕಾರದ ಪರಮಾಣು ಖನಿಜ ಇಲಾಖೆ ಅಂದಾಜಿಸಿದ್ದು 1,600 ಟನ್. ಸೆಲ್‌ಗೆ ಯುನಿಟ್‌ಗೆ ಸುಮಾರು 100 ಗ್ರಾಂ ಲಿಥಿಯಂ ಬೇಕು. ಹಾಗಾದರೆ ಅಷ್ಟನ್ನೂ ಒಂದು ಚೂರು ಬಿಡದೆ ತೆಗೆದರೆ 16 ಗಿಗಾವ್ಯಾಟ್-ಅವರ್ ಆಗುತ್ತದೆ. ಈ ಒಂದೇ ಫ್ಯಾಕ್ಟರಿಯ ಘೋಷಿತ ಗುರಿಗೆ ಒಂದು ವರ್ಷಕ್ಕೂ ಸಾಲದು. ಜಮ್ಮುವಿನ ರಿಯಾಸಿಯಲ್ಲಿ 2023ರಲ್ಲಿ 59 ಲಕ್ಷ ಟನ್ ಎಂದು ದೊಡ್ಡ ಸುದ್ದಿಯಾಯಿತು. ಅದೂ ಅಂದಾಜೇ. ಹರಾಜಿಗಿಟ್ಟರೆ ಸಾಕಷ್ಟು ಕಂಪನಿಗಳು ಮುಂದೆ ಬರದೆ ರದ್ದಾಯಿತು. ಸದ್ಯಕ್ಕೆ ಲಿಥಿಯಂ ಹೊರದೇಶದಿಂದಲೇ. ಗ್ರಾಫೈಟ್‌ಗೆ ಚೀನಾವನ್ನೇ ನೆಚ್ಚಬೇಕು, ಅದೂ 2023ರ ಡಿಸೆಂಬರ್‌ನಿಂದ ಚೀನಾ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದೆ.

ಇಲ್ಲೇ ಸೆಲ್ ಮಾಡಿದರೆ ಸ್ಕೂಟರ್ ಅಗ್ಗ ಆಗುತ್ತಾ?

ಒಮ್ಮೆಲೇ ಆಗುವುದಿಲ್ಲ. ಪ್ರಪಂಚದಲ್ಲಿ ಬ್ಯಾಟರಿ ಬೆಲೆ ಯುನಿಟ್‌ಗೆ 2010ರಲ್ಲಿ 1,000 ಡಾಲರ್‌ಗಿಂತ ಮೇಲಿತ್ತು, 2024ರಲ್ಲಿ ಸರಾಸರಿ 115 ಡಾಲರ್‌ಗೆ ಇಳಿಯಿತು. ಇಳಿಸಿದ್ದು ಮುಖ್ಯವಾಗಿ ಚೀನಾದ ದೊಡ್ಡ ಫ್ಯಾಕ್ಟರಿಗಳು. ಹೊಸದಾಗಿ ಕಲಿಯುತ್ತಿರುವ ಫ್ಯಾಕ್ಟರಿ ಅವರ ಬೆಲೆಗೆ ಮಾಡುವುದು ಕಷ್ಟ, ಸರ್ಕಾರ ಪ್ರೋತ್ಸಾಹಧನ ಕೊಡುವುದೇ ಅದಕ್ಕೆ.

ಹಳೇ ಸ್ಕೂಟರ್ ಬ್ಯಾಟರಿ ಎಲ್ಲಿ ಕೊಡೋದು? ಗುಜರಿಯವರು ಕೇಳ್ತಿದ್ದಾರೆ.

ಗುಜರಿಗೆ ಬೇಡ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮದಂತೆ, ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿ ಮಾರಿದ ಕಂಪನಿಯದೇ. ಎಲೆಕ್ಟ್ರಿಕ್ ವಾಹನದ ಬ್ಯಾಟರಿಯಿಂದ 2026–27ರ ಹೊತ್ತಿಗೆ 90% ವಸ್ತು ಮರಳಿ ತೆಗೆಯಬೇಕು ಎಂದೂ ಅದರಲ್ಲಿದೆ. ಷೋರೂಂನಲ್ಲೇ ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಉಬ್ಬಿದ, ನೀರಿಗೆ ಬಿದ್ದ, ಅಪಘಾತದಲ್ಲಿ ಜಜ್ಜಿದ ಬ್ಯಾಟರಿಯಾದರೆ ಬಸ್ಸಿನಲ್ಲಿ, ಆಟೋದಲ್ಲಿ ಹಾಕಿಕೊಂಡು ಹೋಗಬೇಡಿ. ಮನೆಯಿಂದ ದೂರ, ಬಯಲಿನಲ್ಲಿ ನೆರಳಲ್ಲಿ ಇಟ್ಟು ಕಂಪನಿಗೆ ಫೋನ್ ಮಾಡಿ ಅವರನ್ನೇ ಕರೆಸಿ.